ಕೊರೆಯುವುದೆಲ್ಲ ಕೊರಕವಲ್ಲ

ಅವರೆ ಗಿಡ ಮೈತುಂಬ ಹೂ ಬಿಟ್ಟು ಕಾಯಿ ಕಚ್ಚದೆ ಹೋದರೆ ಯಾರ ಮೇಲೆ ಸಿಟ್ಟು ಮಾಡಿಕೊಳ್ಳಬೇಕು? ಕಳೆದ ಮಾಗಿಯಲ್ಲಿ ನಾನು ಒಬ್ಬರನ್ನೂ ಬಿಡಲಿಲ್ಲ. ಮೋಡವನ್ನು ಬೈದೆ, ಪಕ್ಕದ ಹೊಲದ ಟೊಮ್ಯಾಟೊ ಬೆಳೆಗಾರನನ್ನು ಬೈದೆ, ಶಿರಾದ ಔಷಧಿ ಅಂಗಡಿಯವನ ಹತ್ತಿರ ಜಗಳವಾಡಿ ಬಂದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಕೊನೆಗೆ ಆ ಸಿಟ್ಟು ಊರೆಲ್ಲ ಸುತ್ತಿ ನನ್ನ ಬಾಗಿಲಿಗೇ ಬಂದು ಕೂತಿತು. ಅದಿನ್ನೂ ಎದ್ದು ಹೋಗಿಲ್ಲ.

ನಾನು ಮಧುಗಿರಿಯ ಒಂದು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳಿಕೊಡುವವಳು. ಇಪ್ಪತ್ತು ವರ್ಷ ದಾಟಿತು. ಹುಡುಗರು ನನ್ನ ಬೆನ್ನ ಹಿಂದೆ ‘ಕೊರಕ ಮೇಡಂ’ ಅನ್ನುತ್ತಾರೆಂದು ಗೊತ್ತು. ಕಾಯಿಕೊರಕ ಹುಳದ ಪಾಠ ಮಾಡುತ್ತೇನೆಂದಲ್ಲ. ಬಾಯಿ ತೆರೆದರೆ ಬೆಲ್ ಹೊಡೆದರೂ ನಿಲ್ಲಿಸದೆ ಕೊರೆಯುತ್ತೇನೆಂದು. ಇರಲಿ. ಪಾಠ ಹೇಳುವವರಿಗೆ ಇಂಥದೊಂದು ಹೆಸರೂ ಇಲ್ಲದಿದ್ದರೆ ಅವರು ಪಾಠ ಹೇಳಿದ್ದಾರೋ ಇಲ್ಲವೋ ಎಂದು ಅನುಮಾನ ಪಡಬೇಕಾಗುತ್ತದೆ.

ಪ್ರತಿ ವರ್ಷ ಕಾಳಿನ ಗಿಡಗಳ ಹೂವಿನ ಪಾಠ ಬರುತ್ತದೆ. ಅವರೆ, ತೊಗರಿ, ಅಲಸಂದೆ, ಹುರುಳಿ, ಕಡಲೆಕಾಯಿ ಎಲ್ಲ ಒಂದೇ ಬಳಗ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಕಡೆ ಮುದ್ದೆಗೆ ಸಾರಾಗುವುದೇ ಈ ಬಳಗ. ಆದರೆ ಪುಸ್ತಕದಲ್ಲಿರುವುದು ಬಟಾಣಿ ಹೂವಿನ ಚಿತ್ರ. ಬಟಾಣಿ ಹೂವನ್ನು ನನ್ನ ಹುಡುಗರು ಕಂಡಿಲ್ಲ. ನಿಜ ಹೇಳಬೇಕೆಂದರೆ ನಾನೂ ಗಿಡದ ಮೇಲೆ ಕಂಡದ್ದು ಒಂದೇ ಸಲ. ಆದರೂ ವರ್ಷವರ್ಷವೂ ಅದನ್ನೇ ಬೋರ್ಡಿನ ಮೇಲೆ ಬಿಡಿಸುತ್ತೇನೆ. ಹಿಂದೆ ಎದ್ದು ನಿಂತ ದೊಡ್ಡ ಎಸಳು ಧ್ವಜ. ಅದರ ಮುಂದೆ ಎಡಕ್ಕೊಂದು ಬಲಕ್ಕೊಂದು ರೆಕ್ಕೆ. ಕೆಳಗಿನ ಎರಡು ಎಸಳು ಒಂದಕ್ಕೊಂದು ಅಂಟಿಕೊಂಡು ದೋಣಿಯಾಗಿರುತ್ತವೆ. ಆ ದೋಣಿಯೊಳಗೆ ಹತ್ತು ಕೇಸರ, ನಡುವೆ ಹೆಣ್ಣು ಭಾಗದ ಸಣ್ಣ ಕಡ್ಡಿ, ಶಲಾಕೆ. ಹತ್ತರಲ್ಲಿ ಒಂಬತ್ತು ಕೂಡಿಕೊಂಡು ಕೊಳವೆಯಾಗುತ್ತವೆ, ಹತ್ತನೆಯದು ಬಿಡಿ. ‘ಒಂಬತ್ತು ಕೂಡಿ ಒಂದು ಬಿಡಿ’ ಎಂದು ಹುಡುಗರು ಮಗ್ಗಿಯ ಹಾಗೆ ಒಪ್ಪಿಸುತ್ತಾರೆ. ಆ ಒಂದು ಯಾಕೆ ಬಿಡಿಯಾಗಿ ನಿಂತಿತು ಎಂದು ಈವರೆಗೆ ಒಬ್ಬರೂ ಕೇಳಿಲ್ಲ. ಕೇಳಲಿಲ್ಲವೆಂದು ನಾನೂ ಹೇಳಿಲ್ಲ. ಹೂವಿನ ತಳದಲ್ಲಿ ಮಕರಂದವಿದೆ, ಅಲ್ಲಿಗೆ ನಾಲಿಗೆ ಇಳಿಸಲು ದುಂಬಿಗೆ ಸಂದು ಬೇಕು, ಆ ಒಂದು ಸರಿದು ನಿಂತದ್ದರಿಂದ ಸಂದಾಯಿತು. ಎರಡು ನಿಮಿಷದ ಮಾತು. ಪರೀಕ್ಷೆಗೆ ಬರುವುದಿಲ್ಲವೆಂದು ಬಿಟ್ಟುಬಿಡುತ್ತಿದ್ದೆ.

ಒಂದು ಸಲ ನಿಡುಗಲ್ಲಿನ ಕಡೆಯ ಹುಡುಗಿಯೊಬ್ಬಳು ಉತ್ತರಪತ್ರಿಕೆಯಲ್ಲಿ ದೋಣಿ ಎನ್ನುವ ಕಡೆ ‘ದೊಣೆ’ ಎಂದು ಬರೆದಿದ್ದಳು. ಕೆಂಪು ಇಂಕಿನಲ್ಲಿ ಅರ್ಧ ಅಂಕ ಕಿತ್ತೆ. ಅವಳು ಸ್ಟಾಫ್ ರೂಮಿಗೇ ಬಂದು ವಾದಿಸಿದಳು. ಅವರ ಬೆಟ್ಟದ ಮೇಲೆ ಬಂಡೆಯೊಳಗೆ ದೊಣೆಗಳಿವೆಯಂತೆ, ನೀರು ಒಳಗೆ ಅಡಗಿರುತ್ತದಂತೆ, ಬಗ್ಗಿ ಕೈಹಾಕಿದವರಿಗಷ್ಟೇ ಸಿಗುತ್ತದಂತೆ. ಹೂವಿನದ್ದೂ ಹಾಗೇ ಅಲ್ಲವಾ ಎಂದಳು. ದೋಣಿಯನ್ನು ಅವಳು ಟಿವಿಯಲ್ಲಿ ಬಿಟ್ಟರೆ ಬೇರೆಲ್ಲೂ ಕಂಡಿರಲಿಲ್ಲ. ಅವಳು ಹೇಳಿದ್ದು ಸರಿಯಾಗಿಯೇ ಇತ್ತು. ಆದರೂ ನಾನು ಅಂಕ ಕೊಡಲಿಲ್ಲ. ಪದ ಎಂದರೆ ಪದ, ಅಕ್ಷರ ಎಂದರೆ ಅಕ್ಷರ ಎಂದು ಗದರಿಸಿ ಕಳಿಸಿದೆ. ಪದದ ವಿಷಯದಲ್ಲಿ ನಾನು ಅಷ್ಟು ಕಟ್ಟುನಿಟ್ಟು.

ನನ್ನ ದೊಡ್ಡಮ್ಮ, ಎಂದರೆ ಅಮ್ಮನ ಅಕ್ಕ, ಇರುವುದು ಬರಗೂರಿನ ಹತ್ತಿರ. ಮಗ, ಸೊಸೆ, ಎರಡು ಎಮ್ಮೆ, ಮಳೆ ನಂಬಿದ ಮೂರೆಕರೆ. ಎಂಬತ್ತರ ಹತ್ತಿರದ ವಯಸ್ಸು. ಯಜಮಾನಿಕೆ ಇನ್ನೂ ಅವಳ ಕೈಯಲ್ಲೇ. ರಾಗಿ ಹೊಲದಲ್ಲಿ ಅಕ್ಕಡಿ ಸಾಲು ಹಾಕುವುದನ್ನು ಅವಳು ಬಿಟ್ಟಿಲ್ಲ: ಇಷ್ಟು ಸಾಲು ರಾಗಿ, ನಡುವೆ ಒಂದು ಸಾಲು ಅವರೆ, ಅಂಚಿಗೆ ಹುಚ್ಚೆಳ್ಳು. ರಾಗಿ ಕೊಯ್ದ ಮೇಲೆ ಹೊಲವೆಲ್ಲ ಅವರೆಯದೇ. ಆ ಅವರೆ ಅಂಗಡಿಯಲ್ಲಿ ಸಿಗುವಂಥದ್ದಲ್ಲ. ಬೀಜದ ಬೆನ್ನಿಗೆ ಕಾಡಿಗೆ ಎಳೆದ ಹಾಗೆ ಕಪ್ಪು ಅಂಚಿರುತ್ತದೆ. ನಮ್ಮ ಮನೆಗಳಲ್ಲಿ ಅದನ್ನು ಕಪ್ಪಂಚಿನ ಅವರೆ ಎಂದೇ ಕರೆಯುವುದು. ಕಾಯಿ ಬಿಡಿಸಿದರೆ ಸೊಗಡು ಕೈಗೆ ಹತ್ತಿ ಮಾರನೇ ದಿನಕ್ಕೂ ಹೋಗುವುದಿಲ್ಲ. ಸಣ್ಣವಳಿದ್ದಾಗ ಬೆರಳು ಮೂಸಿಕೊಂಡೇ ಸ್ಕೂಲಿಗೆ ಹೋಗುತ್ತಿದ್ದೆ.

ನಮ್ಮ ಮನೆತನದಲ್ಲಿ ಹೆಣ್ಣು ಗಂಡನ ಮನೆಗೆ ಹೊರಟಾಗ ಮಡಿಲಕ್ಕಿಯ ಜೊತೆ ಒಂದು ಹಿಡಿ ಕಪ್ಪಂಚಿನ ಅವರೆ ಬೀಜ ಕಟ್ಟಿ ಕಳಿಸುವುದು ರೂಢಿ. ಅಜ್ಜಿ ತನ್ನ ಇಬ್ಬರು ಹೆಣ್ಣುಮಕ್ಕಳಿಗೂ ಹಾಗೆ ಕೊಟ್ಟಿದ್ದಳು. ಕಳ್ಳಂಬೆಳ್ಳದ ಹತ್ತಿರ ನಮ್ಮೂರಿನಲ್ಲಿ ಅಮ್ಮ ಅದನ್ನು ಬೆಳೆಸಿಕೊಂಡು ಬಂದಳು, ನನ್ನ ಮದುವೆಯಲ್ಲಿ ನನಗೂ ಒಂದು ಹಿಡಿ ಕಟ್ಟಿದಳು. ನಾನು ಮಧುಗಿರಿಯ ಬಾಡಿಗೆ ಮನೆಯಲ್ಲಿ ಆ ಗಂಟನ್ನು ಅಟ್ಟದ ಮೇಲಿಟ್ಟು ಮರೆತೆ. ಎರಡು ವರ್ಷದ ಮೇಲೆ ತೆಗೆದರೆ ಹುಳ ಬಿದ್ದು ಪುಡಿಯಾಗಿತ್ತು. ಅಮ್ಮನ ಹತ್ತಿರ ಮತ್ತೆ ಕೇಳಿದರಾಯಿತು ಎಂದುಕೊಂಡೆ. ಅಮ್ಮ ಹೋದಳು, ತಮ್ಮ ಆ ಹೊಲಕ್ಕೆ ಮೆಕ್ಕೆಜೋಳ ಹಾಕಿದ, ಅಲ್ಲಿಗೆ ಅಮ್ಮನ ಬೀಜವೂ ಮುಗಿಯಿತು. ಉಳಿದದ್ದು ದೊಡ್ಡಮ್ಮನ ಹೊಲ ಒಂದೇ. ಗಿಡಗಳ ಬಗ್ಗೆ ಪಾಠ ಹೇಳುವವಳ ಮನೆಯಲ್ಲಿ ತಾಯಿ ಕೊಟ್ಟ ಒಂದು ಹಿಡಿ ಬೀಜ ಉಳಿಯಲಿಲ್ಲ ಎನ್ನುವುದು ನನ್ನನ್ನು ಕೊರೆಯುತ್ತಲೇ ಇತ್ತು.

ಎರಡು ವರ್ಷದ ಹಿಂದೆ ದೊಡ್ಡಮ್ಮನ ಅವರೆಗೆ ಕಾಯಿಕೊರಕ ಬಿತ್ತು. ಯಾವ ಕಾಯಿ ಹಿಡಿದರೂ ತೂತು, ಒಳಗೆ ಹಸಿರು ಹುಳ. ಏನು ಮಾಡುವುದು, ನೀನು ಹುಳದ ಬಗ್ಗೆ ಓದಿದವಳಲ್ಲವಾ ಎಂದು ಅವಳ ಮಗ, ನನ್ನ ಅಣ್ಣ, ಫೋನು ಮಾಡಿದ. ಆಗ ನಾನು ಪರೀಕ್ಷೆಯ ಕೆಲಸದಲ್ಲಿದ್ದೆ. ಆಮೇಲೆ ಹೇಳುತ್ತೇನೆ ಎಂದು, ಸಂಜೆ ವಾಟ್ಸಪ್ಪಿನಲ್ಲಿ ನಾಲ್ಕು ನಿಮಿಷದ ಒಂದು ವಾಯ್ಸ್ ಮೆಸೇಜ್ ಕಳಿಸಿದೆ. ಅದು ಬಹಳ ಚೆನ್ನಾಗಿದೆ, ಪಕ್ಕದ ಊರಿನವರೂ ಕೇಳಿ ಕಳಿಸಿಕೊಂಡರು ಎಂದು ಅಣ್ಣ ಹೇಳಿದಾಗ ಸುಳ್ಳು ಯಾಕೆ, ಹಿಗ್ಗಿದೆ. ಕಾಲೇಜಿನಲ್ಲಿ ಯಾರೂ ನನ್ನ ಪಾಠವನ್ನು ಎರಡನೇ ಸಲ ಕೇಳಿದ ಉದಾಹರಣೆ ಇರಲಿಲ್ಲ.

ಆ ವರ್ಷ ದೊಡ್ಡಮ್ಮನಿಗೆ ಬೀಜಕ್ಕೆ ಉಳಿದದ್ದು ಎರಡೇ ಹಿಡಿ. ಮರು ವರ್ಷದ ಮುಂಗಾರಿನಲ್ಲಿ ಅವಳು ಒಂದು ಕಾಳನ್ನೂ ಹಿಂದಿಡದೆ ಅಷ್ಟನ್ನೂ ಬಿತ್ತಿದಳು. ಹಳೇ ಬೀಜ ಇನ್ನೊಂದು ವರ್ಷ ಇಟ್ಟರೆ ಹುಟ್ಟುವುದಿಲ್ಲ ಎನ್ನುವುದು ಅವಳ ಲೆಕ್ಕ. ಬಿತ್ತಿದ ದಿನವೇ ನಾನು ಕೇಳಿಕೊಂಡೆ: ನಮ್ಮ ಮನೆ ಪಕ್ಕದ ಸೈಟು ಖಾಲಿ ಇದೆ, ಈ ಸಲ ನನಗೊಂದು ಹಿಡಿ ಕೊಡು, ಅಮ್ಮನದ್ದನ್ನು ಕಳೆದೆ, ಇದನ್ನು ಕಳೆಯುವುದಿಲ್ಲ. ಅವಳು ನನ್ನ ಮುಖವನ್ನೇ ನೋಡಿದಳು. ಕಾಯಿ ಬಂದರೆ ಮೊದಲ ಹಿಡಿ ನಿನಗೇ ಎಂದಳು. ಕಾಯಿ ಬಾರದಿದ್ದರೆ ಅವಳಿಗೂ ಇಲ್ಲ, ನನಗೂ ಇಲ್ಲ, ಆ ಅವರೆಯೇ ಇಲ್ಲ.

ಗಿಡ ಬಂತು ನೋಡಿ, ಕಣ್ಣು ತುಂಬುವಂತೆ ಬಂತು. ಚಳಿ ಬಿದ್ದ ಹಾಗೆ ನೇರಳೆ ಮಿಶ್ರಿತ ಬಿಳಿ ಹೂವು ಗೊಂಚಲುಗೊಂಚಲಾಗಿ ಎದ್ದವು. ಅಣ್ಣ ಫೋಟೊ ಕಳಿಸಿದ, ನಾನು ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ತೋರಿಸಿದೆ. ಹತ್ತು ದಿನ ಬಿಟ್ಟು ಫೋನು ಬಂತು. ಹೂವೆಲ್ಲ ಉದುರುತ್ತಿದೆ, ಕಡ್ಡಿ ಬೋಳಾಗುತ್ತಿದೆ, ಕಾಯಿ ಕಾಣಿಸುತ್ತಿಲ್ಲ ಎಂದ. ಭಾನುವಾರ ಬೆಳಿಗ್ಗೆ ಶಿರಾದ ಬಸ್ಸು ಹತ್ತಿದೆ. ಅಲ್ಲಿಂದ ಬರಗೂರಿನ ಬಸ್ಸಿಗೆ ಕಾಯುವ ಹೊತ್ತಿನಲ್ಲಿ ಸ್ಟ್ಯಾಂಡಿನ ಎದುರಿನ ಔಷಧಿ ಅಂಗಡಿಗೆ ಹೋಗಿ ವಿಚಾರಿಸಿದೆ. ಹೂ ಉದುರುವುದಕ್ಕೆ ಒಂದು ಟಾನಿಕ್ ಇದೆ ಮೇಡಂ, ಹೊಡೀರಿ ಎಂದ ಅವನು. ಹೂವಿಗೆ ದುಂಬಿ ಬರುತ್ತಿದೆಯೋ ಇಲ್ಲವೋ ಅದನ್ನು ಮೊದಲು ನೋಡಬೇಕಲ್ಲವೇ ಎಂದೆ. ಅವನು ನಕ್ಕ. ಅವರೆ ಸ್ವಕೀಯ ಪರಾಗಸ್ಪರ್ಶದ ಬೆಳೆ, ಅದಕ್ಕೆ ದುಂಬಿ ಗಿಂಬಿ ಬೇಕಾಗಿಲ್ಲ, ತಮಗೆ ಗೊತ್ತಿರಬೇಕಲ್ಲ ಎಂದ. ನನಗೆ ಪಾಠ! ಅಂಗಡಿಯ ಮುಂದೆ ನಾಲ್ಕು ಜನ ಸೇರುವಷ್ಟು ಜೋರಾಗಿ ಮಾತಾಡಿದೆ.

ಜಗಳ ಯಾಕೆಂದರೆ ಅವನು ಹೇಳಿದ್ದು ಅರ್ಧ ನಿಜ. ಅರ್ಧ ನಿಜದಷ್ಟು ಮೈ ಉರಿಸುವುದು ಇನ್ನೊಂದಿಲ್ಲ. ಕಡಲೆಕಾಯಿ ಹೂವಿಗೆ ಯಾರ ಹಂಗೂ ಇಲ್ಲ, ಮುಂಜಾನೆಯೇ ಒಳಗೊಳಗೇ ಕೆಲಸ ಮುಗಿಸಿಕೊಂಡು ಬಾಡುತ್ತದೆ. ಅವರೆಯ ಪರಾಗವೂ ಅದೇ ಹೂವಿಗೆ ಆಗುತ್ತದೆ, ಸರಿ. ಆದರೆ ದೋಣಿ ಮುಚ್ಚಿಕೊಂಡೇ ಇದ್ದರೆ ಎಷ್ಟೋ ಹೂವು ಕಟ್ಟುವುದಿಲ್ಲ. ಒಂದು ಭಾರವಾದ ಹುಳ ಬಂದು ರೆಕ್ಕೆಯ ಮೇಲೆ ಕೂತು ಕಾಲೂರಿ ತಳ್ಳಬೇಕು. ತಳ್ಳಿದಾಗ ರೆಕ್ಕೆಯ ಜೊತೆ ದೋಣಿಯೂ ಕೆಳಕ್ಕೆ ಜಗ್ಗುತ್ತದೆ, ಒಳಗಿನ ಶಲಾಕೆ ಮೇಲಕ್ಕೆ ಚಿಮ್ಮಿ ಹುಳದ ಮೈಗೆ ಉಜ್ಜುತ್ತದೆ. ಆ ಉಜ್ಜಾಟದಲ್ಲೇ ಪರಾಗ ಹತ್ತುವುದು, ಆ ಹೂವಿನದ್ದೋ ಪಕ್ಕದ ಹೂವಿನದ್ದೋ. ಕೆಲವು ತಳಿ ಹುಳವಿಲ್ಲದೆಯೂ ಒಂದಷ್ಟು ಕಾಯಿ ಕೊಡುತ್ತವೆ. ಕಪ್ಪಂಚಿನ ಅವರೆ ಅಂಥದ್ದಲ್ಲ ಎಂದು ಯಾವ ಪುಸ್ತಕದಲ್ಲೂ ಬರೆದಿಲ್ಲ, ಯಾಕೆಂದರೆ ಅದನ್ನು ಪುಸ್ತಕದವರು ನೋಡಿಯೇ ಇಲ್ಲ. ಅವತ್ತು ಹೊಲದಲ್ಲಿ ನಾನೇ ನೋಡಿದೆ.

ಬಿಸಿಲೇರಿದ ಮೇಲೆ ಸಾಲಿನ ನಡುವೆ ಕುಕ್ಕರುಗಾಲಲ್ಲಿ ಕೂತೆ. ಕೋಲುಜೇನಿನ ಸಣ್ಣ ಹುಳಗಳು ಬರುತ್ತಿದ್ದವು. ರೆಕ್ಕೆಯ ಮೇಲೆ ಕೂರುತ್ತಿದ್ದವು, ಅವುಗಳ ಭಾರಕ್ಕೆ ರೆಕ್ಕೆ ಅಲುಗುತ್ತಲೂ ಇರಲಿಲ್ಲ. ಒಂದೆರಡು ಪಕ್ಕದಿಂದ ನುಸುಳಿ ಕೈಲಾದಷ್ಟು ಮಕರಂದ ಕದ್ದು ಹೋದವು. ಉದುರಿ ಬಿದ್ದಿದ್ದ ಹೂಗಳನ್ನು ಆರಿಸಿ ಒಂದೊಂದಾಗಿ ಬಿಡಿಸಿದೆ. ಎಲ್ಲದರ ದೋಣಿಯೂ ಭದ್ರವಾಗಿ ಮುಚ್ಚಿತ್ತು. ಅರಳಿದಾಗ ಹೇಗಿತ್ತೋ ಹಾಗೇ ಬಾಡಿ ಬಿದ್ದಿದ್ದವು. ಕರಿದುಂಬಿ ಒಂದೂ ಕಾಣಲಿಲ್ಲ. ಹೆಬ್ಬೆರಳಿನಷ್ಟು ದಪ್ಪ, ರೆಕ್ಕೆಗೆ ನೀಲಿ ಹೊಳಪು, ಬಂದರೆ ಹೊಲದಾಚೆಗೂ ಗುಂಯ್ ಎನ್ನುವ ಸದ್ದು. ಸಣ್ಣವಳಿದ್ದಾಗ ಅವರೆ ಹೊಲ ಎಂದರೆ ಆ ಸದ್ದೇ ಆಗಿತ್ತು. ಎರಡು ಗಂಟೆ ಕೂತರೂ ಕಿವಿಗೆ ಬಿದ್ದದ್ದು ಪಕ್ಕದ ಹೊಲದ ಟೊಮ್ಯಾಟೊದವನ ಔಷಧಿ ಪಂಪಿನ ಸದ್ದು ಮಾತ್ರ.

ಸಿಕ್ಕಿದನಲ್ಲ ಕಳ್ಳ ಎಂದು ಬದುವಿಗೇ ಹೋಗಿ ಅವನನ್ನು ತರಾಟೆಗೆ ತೆಗೆದುಕೊಂಡೆ. ನಿನ್ನ ಔಷಧಿಗೆ ದುಂಬಿಯೆಲ್ಲ ಸತ್ತಿವೆ ಎಂದೆ. ಅವನು ಪಂಪು ಇಳಿಸಿ ಸಮಾಧಾನದಿಂದಲೇ ಕೇಳಿದ: ಔಷಧಿಗೆ ಸಾಯೋದಾದರೆ ಸಣ್ಣ ಜೇನು ಮೊದಲು ಸಾಯಬೇಕಲ್ಲವಾ, ಅವು ಹೆಂಗೆ ಆಡ್ಕೊಂಡಿವೆ? ಉತ್ತರವಿಲ್ಲದಾಗ ದನಿ ಏರಿಸುವುದು ನನ್ನ ವೃತ್ತಿಯ ಗುಣ, ಇನ್ನಷ್ಟು ಏರಿಸಿದೆ.

ಅಷ್ಟರಲ್ಲಿ ಬದುವಿನ ಮೇಲೆ ಕುರಿಯವನು ಬಂದ. ಪಾವಗಡದ ಕಡೆಯವನು, ವಯಸ್ಸಾದವನು. ವರ್ಷವರ್ಷವೂ ಬೆಳೆ ಕೊಯ್ದ ಹೊಲದಲ್ಲಿ ಗೊಬ್ಬರಕ್ಕಾಗಿ ಮಂದೆ ಕೂಡುತ್ತಾನೆ. ಊರಾಚೆ ಅವರದೊಂದು ಹಟ್ಟಿಯಿದೆ. ದೊಡ್ಡಮ್ಮನಿಗೆ ಬಹಳ ಬೇಕಾದವನು. ದುಂಬಿಯ ಮಾತು ಕೇಳಿಸಿಕೊಂಡು ನಿಂತ. ಆಮೇಲೆ ನನ್ನನ್ನು ವಿಚಿತ್ರವಾಗಿ ನೋಡಿದ.

“ತುಮ್ಮೆದ ಎಲ್ಲವೆ ಮೇಡಮ್ಮ ಈಗ? ಸುಟ್ಟಾಕಿ ಅಂತ ತಾವೇ ಯೋಳಿದ್ರಲ್ಲ. ಸುಟ್ಟಾಕ್ಬುಟ್ವಿ.”

ತುಮ್ಮೆದ ಎಂದರೆ ಅವನ ಕಡೆಯ ತೆಲುಗಿನಲ್ಲಿ ದುಂಬಿ. ನಾನು ಯಾವಾಗ ಹೇಳಿದೆ ಎಂದೆ. ಅವನು ಅಂಗಿಯ ಒಳಜೇಬಿನಿಂದ ಫೋನು ತೆಗೆದು, ಬೆರಳಿನಲ್ಲಿ ಒಂದಷ್ಟು ಹೊತ್ತು ಮೇಲೆ ಕೆಳಗೆ ಮಾಡಿ, ಹುಡುಕಿ ಒತ್ತಿದ. ನನ್ನದೇ ದನಿ ಬಂತು. ನಿಧಾನ, ಗಂಭೀರ, ಪ್ರತಿ ಪದಕ್ಕೂ ಒತ್ತು.

“ಈ ಕೊರಕ ಅನ್ನೋದು ಒಣಗಿದ ಕಡ್ಡಿಗಳಲ್ಲಿ ಅವಿತುಕೊಂಡು ಮುಂದಿನ ಬೆಳೆಯವರೆಗೂ ಕಾಯುತ್ತೆ. ಕೊರೆದಿರೋ ತೂತು ಯಾವ ಒಣಕಡ್ಡೀಲಿ ಕಂಡರೂ ಬಿಡಬೇಡಿ. ಸುಟ್ಟುಬಿಡಿ.”

ನಾನು ಹೇಳಿದ್ದು ಅವರೆಯ ಹಳೇ ಬಳ್ಳಿ, ತೂತು ಬಿದ್ದ ಒಣಕಾಯಿ, ಹೊಲದಲ್ಲಿ ಉಳಿದ ಕಸ. ಹಾಗೆಂದು ನನ್ನ ಮನಸ್ಸಿನಲ್ಲಿತ್ತು. ನಾಲ್ಕು ನಿಮಿಷದಲ್ಲಿ ಆ ಕಡ್ಡಿ ಯಾವುದರ ಕಡ್ಡಿ ಎಂದು ಒಂದೇ ಒಂದು ಸಲವೂ ಬಾಯಲ್ಲಿ ಬಂದಿರಲಿಲ್ಲ. ಆ ಹುಳ ಬಹುಪಾಲು ಕೋಶ ಕಟ್ಟುವುದು ಮಣ್ಣಿನೊಳಗೆ ಎಂಬುದೂ ನನಗೆ ಗೊತ್ತಿದ್ದ ವಿಷಯವೇ. ಮಾತಿನ ಭರದಲ್ಲಿ ಅದೂ ಬಿಟ್ಟುಹೋಗಿತ್ತು. ಇನ್ನು ಈ ಸೀಮೆಯಲ್ಲಿ ಒಣಕಡ್ಡಿಯಲ್ಲಿ ದುಂಡು ತೂತು ಕೊರೆಯುವುದು ಯಾವುದು ಎಂದು ಯಾರನ್ನು ಕೇಳಿದರೂ ಒಂದೇ ಉತ್ತರ, ಕರಿದುಂಬಿ. ಕತ್ತಾಳೆಯ ಹೂಕಂಬ ಒಣಗಿ ನಿಂತಾಗ ಅದರ ಮೆತ್ತಗಿನ ತಿರುಳನ್ನು ಕೊರೆದು ದುಂಬಿ ಒಳಗೆ ಗೂಡು ಮಾಡುತ್ತದೆ, ಅಲ್ಲೇ ಮರಿ ಬೆಳೆಸುತ್ತದೆ. ಆ ಕಂಬವನ್ನೇ ಜನ ಬದುವಿನ ಬೇಲಿಗೆ, ಕುರಿ ರೊಪ್ಪದ ಚಪ್ಪರಕ್ಕೆ ಬಳಸುತ್ತಾರೆ. ಅವರು ನನ್ನ ಮಾತನ್ನು ತಪ್ಪು ತಿಳಿಯಲಿಲ್ಲ. ನಾನು ಏನು ಹೇಳಿದೆನೋ ಅದನ್ನು ಅಕ್ಷರ ಬಿಡದೆ ಮಾಡಿದ್ದರು.

ಕುರಿಯವನು ಒಂದೊಂದಾಗಿ ಹೇಳಿದ. ಬೇಸಗೆಯಲ್ಲಿ ಊರಿನ ಬದುಗಳ ಮೇಲಿದ್ದ ಒಣ ಕತ್ತಾಳೆ ಕಂಬಗಳನ್ನೆಲ್ಲ ಕೆಡವಿ ರಾಶಿ ಹಾಕಿ ಸುಟ್ಟರಂತೆ. ಒಳಗೆ ಪಟಪಟ ಸದ್ದು ಬಂತಂತೆ. ತನ್ನ ಹಟ್ಟಿಯ ಚಪ್ಪರದಿಂದಲೂ ಆರು ಕಂಬ ಕಿತ್ತು ಹಾಕಿದನಂತೆ. ತುಮ್ಮೆದ ಏನು ಪಾಪ ಮಾಡಿತ್ತು ಎಂದು ಹೆಂಡತಿ ಕೇಳಿದ್ದಕ್ಕೆ, ಕಾಲೇಜು ಮೇಡಮ್ಮನೇ ಹೇಳಿದ್ದಾರೆ ಸುಮ್ಮನಿರು ಎಂದು ಗದರಿದನಂತೆ. ತೂತಿದ್ದ ಒಂದು ಕಂಬ ಮಾತ್ರ ಬಿಟ್ಟಿದ್ದಾನೆ, ಅದನ್ನು ಕಿತ್ತರೆ ಕುರಿಮರಿಗಳ ಗೂಡೇ ಬಿದ್ದುಹೋಗುತ್ತಿತ್ತು. ಅದನ್ನು ಸುಡದೆ ಉಳಿಸಿದ್ದಕ್ಕೆ ಅವನು ನನ್ನ ಮುಂದೆ ಸಂಕೋಚಪಟ್ಟ. ನನಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಟೊಮ್ಯಾಟೊದವನು ಪಂಪು ಹೊತ್ತುಕೊಂಡು ತನ್ನ ಸಾಲಿಗೆ ಹೋದ. ಅವನು ಏನಾದರೂ ಅಂದಿದ್ದರೆ ಚೆನ್ನಾಗಿತ್ತು.

ದೊಡ್ಡಮ್ಮನಿಗೆ ನಾನೇ ಹೇಳಿದೆ. ಎಮ್ಮೆಗೆ ಹುಲ್ಲು ಹಾಕುತ್ತಿದ್ದವಳು ಕೊನೆತನಕ ಕೇಳಿದಳು. ಬೈಯುತ್ತಾಳೆಂದು ಕಾದೆ. ಈಗ ಉಳಿದಿರೋ ಹೂವಿಗೆ ಏನು ದಾರಿ, ಅದನ್ನು ಹೇಳು ಎಂದಳು.

ದಾರಿ ಒಂದೇ ಇತ್ತು. ಗೊಂಚಲಿನ ತುದಿಯಲ್ಲಿ ಇನ್ನೂ ಮೊಗ್ಗುಗಳಿದ್ದವು. ಅವು ಅರಳಿದ ಹಾಗೆ ಒಂದೊಂದನ್ನೂ ಬೆರಳಿನಲ್ಲಿ ಒತ್ತಬೇಕು. ನಾನು ನಾಲ್ಕು ದಿನ ರಜೆ ಹಾಕಿದೆ. ಒಂದು ಹೂವನ್ನು ಹಿಡಿದು ಅವಳ ಕಣ್ಣಿನ ಹತ್ತಿರ ತಂದು ಎರಡು ರೆಕ್ಕೆಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಕೆಳಕ್ಕೆ ಒತ್ತಿದೆ. ದೋಣಿ ಜಗ್ಗಿತು, ಒಳಗಿನಿಂದ ಹಳದಿ ಪುಡಿ ಹೊತ್ತ ಶಲಾಕೆ ಮೇಲೆದ್ದಿತು. ಬಿಟ್ಟೊಡನೆ ಮತ್ತೆ ಒಳಗೆ ಹೋಯಿತು. ದೊಡ್ಡಮ್ಮ ಇನ್ನೊಂದು ಸಲ ಎಂದಳು, ಮತ್ತೊಂದು ಸಲ ಎಂದಳು, ಆಮೇಲೆ ತಾನೇ ಹಿಡಿದು ಒತ್ತಿದಳು. ಅರವತ್ತು ವರ್ಷ ಎಮ್ಮೆ ಕರೆದ ಕೈ. ನಾನು ಎರಡರಲ್ಲಿ ಒಂದು ಹೂವನ್ನು ಕಿತ್ತೇ ಹಾಕುತ್ತಿದ್ದೆ, ಅವಳ ಕೈಯಲ್ಲಿ ಒಂದೂ ಮುರಿಯಲಿಲ್ಲ. ಆ ಒಂದು ಕೇಸರ ಬಿಡಿಯಾಗಿ ನಿಂತದ್ದು ಯಾಕೆಂದೂ ಹೇಳಿದೆ. ಅವಳ ಮುಖ ಅರಳಿತು, ಮರುಕ್ಷಣವೇ ಗಂಟಿಕ್ಕಿತು.

“ಇಂಗೈತೆ ಅಂತ ನಿಂಗೆ ಎಷ್ಟು ವರ್ಷದಿಂದ ಗೊತ್ತು?”

ಓದುವಾಗಲೇ ಗೊತ್ತಿತ್ತು ಎಂದೆ.

“ಮತ್ತೆ ನಂಗ್ಯಾಕೆ ಯೋಳ್ಲಿಲ್ಲ? ಗೊತ್ತಿದ್ರೆ ಆ ಕಂಬಗಳ್ನ ಸುಡಾಕೆ ನಾನು ಬುಡ್ತಿದ್ನಾ?”

ಇಷ್ಟು ವರ್ಷ ಎಷ್ಟು ಸಲ ಈ ಹೊಲದ ಬದುವಿನ ಮೇಲೆ ಅವಳ ಜೊತೆ ಕೂತು ಅವರೆಕಾಯಿ ಬಿಡಿಸಿದ್ದೇನೆ. ಹೇಳಲು ಎರಡು ನಿಮಿಷ ಸಾಕಾಗಿತ್ತು. ಇವಳಿಗೆ ಇದೆಲ್ಲ ಯಾಕೆ ಎಂದುಕೊಂಡಿದ್ದೆ ಅಂತ ಕಾಣುತ್ತದೆ. ಯೋಚಿಸಿದರೆ ಅದೂ ಅಲ್ಲ, ಹೇಳಬೇಕೆಂದು ಹೊಳೆದೇ ಇರಲಿಲ್ಲ. ಅದು ಬೋರ್ಡಿನ ಮೇಲಿನ ಹೂವು, ಇದು ಸಾರಿನ ಅವರೆ ಎಂದು ನಾನೇ ಎರಡು ಮಾಡಿಕೊಂಡಿದ್ದೆ.

ಬಿಸಿಲಲ್ಲಿ ನಾಲ್ಕು ದಿನ ಬಗ್ಗಿ ಒತ್ತಿದೆವು. ಅತ್ತಿಗೆ ಮೊದಲ ದಿನ ಸೆರಗು ಬಾಯಿಗಿಟ್ಟು ನಕ್ಕಳು, ಎರಡನೇ ದಿನ ತಾನೂ ಒಂದು ಸಾಲು ಹಿಡಿದಳು. ನನ್ನ ಸೊಂಟ ಬಿದ್ದುಹೋಯಿತು. ಒಂದು ದುಂಬಿ ಅರ್ಧ ಗಂಟೆಯಲ್ಲಿ ಹಾಡಿಕೊಂಡು ಮುಗಿಸುವ ಕೆಲಸಕ್ಕೆ ಮೂರು ಜನ ಹೆಂಗಸರು ಬೆವರಿಳಿಸುತ್ತಿದ್ದೆವು. ನಾನು ಮಧುಗಿರಿಗೆ ಹಿಂತಿರುಗಿದ ಮೇಲೂ ದೊಡ್ಡಮ್ಮ ಬಿಡಲಿಲ್ಲವಂತೆ; ದಿನಾ ಬಿಸಿಲೇರಿದ ಮೇಲೆ ಹೋಗಿ ಅರಳಿದ್ದಷ್ಟನ್ನು ಒತ್ತಿ ಬರುತ್ತಿದ್ದಳಂತೆ. ಎಂಟು ಹತ್ತು ದಿನಕ್ಕೆ ಉಗುರಿನಷ್ಟು ಕಾಯಿ ಕಂಡಿತು ಎಂದು ಅಣ್ಣ ಫೋಟೊ ಕಳಿಸಿದ. ಈ ಸಲ ಯಾರಿಗೂ ತೋರಿಸಲಿಲ್ಲ.

ನಡುವೆ ಇನ್ನೊಂದು ಕೆಲಸ ಮಾಡಿದೆ. ಹೊಸದಾಗಿ ವಾಯ್ಸ್ ಮೆಸೇಜ್ ಮಾಡಿ ಕಳಿಸಿದೆ. ತಪ್ಪು ನನ್ನದು, ಕತ್ತಾಳೆ ಕಂಬ ಸುಡಬೇಡಿ, ಅದರಲ್ಲಿರುವುದು ನಮ್ಮ ದುಂಬಿ, ಅವರೆಯ ಹೂವು ತೆರೆಯುವುದೇ ಅದು ಎಂದು ಬಿಡಿಸಿ ಬಿಡಿಸಿ ಹೇಳಿದೆ. ಒಂದೂವರೆ ನಿಮಿಷ, ಒಂದು ಪದ ಹೆಚ್ಚಿಲ್ಲ. ಅದನ್ನು ಯಾರೂ ಯಾರಿಗೂ ಕಳಿಸಲಿಲ್ಲ. ಹಳೆಯದು ಮಾತ್ರ ಇನ್ನೂ ಓಡಾಡುತ್ತಿದೆ. ಮೊನ್ನೆ ಕೊರಟಗೆರೆಯಿಂದ ಬರುವ ಸಹೋದ್ಯೋಗಿಯೊಬ್ಬರು, ಯಾರೋ ನಿಮ್ಮ ಹಾಗೇ ಮಾತಾಡುತ್ತಾರೆ ನೋಡಿ ಎಂದು ತಮ್ಮ ಫೋನಿನಲ್ಲಿ ಕೇಳಿಸಿದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಹೋಗುವುದೆಲ್ಲಿ? ಆಡಿದ ಮಾತು ಊರೂರು ತಿರುಗಿ ಬದುಬದುವಿಗೂ ಬೆಂಕಿ ಇಡುತ್ತಿದೆ. ಅದನ್ನು ತಡೆಯಲು ನನ್ನ ಹತ್ತಿರ ಇರುವುದು ಮತ್ತೆ ಮಾತೇ.

ಶಿವರಾತ್ರಿ ಹತ್ತಿರ ಬಂದಾಗ ಕಾಯಿ ಒಣಗಿತು, ಬಡಿದಾಯಿತು ಎಂದು ತಿಳಿಯಿತು. ಆ ವರ್ಷ ಮನೆಯಲ್ಲಿ ಯಾರೂ ಒಂದು ಕಾಳನ್ನೂ ಬಾಯಿಗೆ ಹಾಕಿರಲಿಲ್ಲ, ಎಲ್ಲ ಬೀಜಕ್ಕೇ. ನಾನು ಗಟ್ಟಿ ಮುಚ್ಚಳದ ಹೊಸ ಸ್ಟೀಲ್ ಡಬ್ಬಿ ಕೊಂಡು, ತೊಳೆದು ಒಣಗಿಸಿ, ತಳಕ್ಕೆ ಬೇವಿನೆಲೆ ಹಾಸಿ ತಗೊಂಡು ಹೋದೆ. ಪಕ್ಕದ ಸೈಟನ್ನೂ ಅಗೆಸಿ ಇಟ್ಟಿದ್ದೆ. ದೊಡ್ಡಮ್ಮ ಜಗಲಿಯ ಮೇಲೆ ಮೊರದಲ್ಲಿ ಬೀಜ ಆರಿಸುತ್ತಿದ್ದಳು. ಮೂರು ನಾಲ್ಕು ಹಿಡಿ ಇರಬಹುದು. ಪ್ರತಿ ಕಾಳಿನ ಬೆನ್ನಿಗೂ ಕಪ್ಪು ಅಂಚು. ಹೊಲದಲ್ಲಿ ಮಂದೆ ಕೂಡಿದ್ದರಿಂದ ಕುರಿಯವನೂ ಅಲ್ಲೇ ಕೆಳಗೆ ಕೂತಿದ್ದ.

ಆರಿಸಿ ಮುಗಿಸಿ ದೊಡ್ಡಮ್ಮ ಮೊದಲ ಹಿಡಿಯನ್ನು ತುಂಬಿದಳು. ನಾನು ಡಬ್ಬಿಯ ಮುಚ್ಚಳ ತೆಗೆದೆ. ಅವಳು ಅದನ್ನು ಕುರಿಯವನ ಕಂಬಳಿಯ ಅಂಚಿಗೆ ಹಾಕಿ ಗಂಟು ಕಟ್ಟು ಎಂದಳು. ಉಳಿದದ್ದನ್ನು ತನ್ನ ಬೀಜದ ಗಡಿಗೆಗೆ ಸುರಿದು, ಬೂದಿ ಬೆರೆಸಿ, ಬಾಯಿ ಕಟ್ಟಿದಳು. ಮೊದಲ ಹಿಡಿ ನನಗೇ ಅಂದಿದ್ದೆಯಲ್ಲ ದೊಡ್ಡಮ್ಮ ಎಂದೆ. ಐವತ್ತು ದಾಟಿದ ಹೆಂಗಸಿನ ದನಿಯಾಗಿರಲಿಲ್ಲ ಅದು.

“ಅಂದಿದ್ದೆ ಕಣಮ್ಮ. ಅವನ ಹಟ್ಟೀಲಿ ಒಂದು ಕಂಬ ಐತೆ, ಕಂಬದಾಗೆ ದುಂಬಿ ಐತೆ. ನಿನ್ನ ಮನೇತಾವ ಏನೈತೆ ಮಗ?”

ಸಿಟ್ಟು ಬಂತು, ಅಳುವೂ ಬಂತು. ಸೈಟಿದೆ, ನೀರಿದೆ, ದಿನಾ ಕೈಯಲ್ಲೇ ಒತ್ತುತ್ತೇನೆ ಎಂದೆ. ಎಷ್ಟು ವರ್ಷ ಒತ್ತುತ್ತೀಯ ಎಂದು ಕೇಳಿದಳು. ದನಿಯಲ್ಲಿ ಕೋಪವಿರಲಿಲ್ಲ, ಅದೇ ಹೆಚ್ಚು ನೋಯಿಸಿದ್ದು. ಕುರಿಯವನು ತಲೆ ತಗ್ಗಿಸಿ ಕಂಬಳಿಯ ಗಂಟನ್ನೇ ಬಿಗಿ ಮಾಡುತ್ತಿದ್ದ. ಬರಿಗೈಯಲ್ಲಿ ಕಳಿಸಬಾರದೆಂದು ದೊಡ್ಡಮ್ಮ ನನ್ನ ಡಬ್ಬಿ ಇಸಿದುಕೊಂಡು ಒಳಗೆ ಹೋದಳು. ಶಿರಾ ಸಂತೆಯಲ್ಲಿ ತಂದಿದ್ದ ಅವರೆಕಾಳನ್ನು ಅದರ ತುಂಬ ತುಂಬಿ, ಸಾರು ಮಾಡ್ಕೊಂಡು ಉಣ್ಣು ಎಂದು ನನ್ನ ಕೈಗೆ ಕೊಟ್ಟಳು.